ಪೆಟ್ಟಿ ಕೇಸಿಗೆ ಸಮನ್ಸ್ ಬಂದಿದೆಯಾ? ಸಂಕ್ಷಿಪ್ತ ವಿಚಾರಣೆಯಲ್ಲಿ ಏನೇನು ನಡೆಯುತ್ತದೆ, ನೀವೇನು ಮಾಡಬೇಕು

"ಒಪ್ಪಿಕೊಂಡು ಫೈನ್ ಕಟ್ಟಿಬಿಟ್ಟರೆ ಮುಗೀತು ತಾನೇ ಸರ್?"

ಈ ಪ್ರಶ್ನೆ ನನಗೆ ಪದೇ ಪದೇ ಬರುತ್ತದೆ. ಕೇಳುವವರೆಲ್ಲ ಸಾಮಾನ್ಯ ಜನ. ಪಾರ್ಕಿಂಗ್ ವಿಷಯಕ್ಕೆ ಪಕ್ಕದ ಮನೆಯವರ ಜೊತೆ ಜಗಳ ಆಗಿರುತ್ತದೆ, ಮಾತಿಗೆ ಮಾತು ಬೆಳೆದು ಒಬ್ಬರು ಸ್ಟೇಷನ್‌ಗೆ ಹೋಗಿರುತ್ತಾರೆ. ಇಲ್ಲವೇ ಮನೆ ಕಟ್ಟಿಸುವಾಗ ಜಲ್ಲಿ, ಎಂ ಸ್ಯಾಂಡ್ ಎಲ್ಲ ರಸ್ತೆ ಮೇಲೆ ಸುರಿಸಿರುತ್ತಾರೆ. ಮಗ ಸ್ನೇಹಿತರ ಜೊತೆ ಕುಡಿದು ಬೀದಿಯಲ್ಲಿ ಗಲಾಟೆ ಮಾಡಿರುತ್ತಾನೆ. ಆರು ತಿಂಗಳು ಬಿಟ್ಟು ಒಂದು ಕಾಗದ ಬರುತ್ತದೆ, ಮನೆಯವರೆಲ್ಲ ಗಾಬರಿ.

ಆ ಪ್ರಶ್ನೆಗೆ ನನ್ನ ಉತ್ತರ ಇದು: ಕೇಸು ಮುಗಿಯುತ್ತದೆ, ನಿಜ. ಆದರೆ ನೀವು ಅಪರಾಧಿ ಎಂದು ಕೋರ್ಟಿನ ದಾಖಲೆಯಲ್ಲಿ ಬರೆದೇ ಮುಗಿಯುತ್ತದೆ. ಕೆಲವರಿಗೆ ಅದರಿಂದ ಏನೂ ತೊಂದರೆ ಆಗುವುದಿಲ್ಲ. ಕೆಲವರಿಗೆ ಮುಂದೆ ಕೆಲಸದ ಅರ್ಜಿ ತುಂಬುವಾಗ ಅದೇ ಎರಡು ನಿಮಿಷದ ಮಾತು ಎದುರಿಗೆ ಬಂದು ನಿಲ್ಲುತ್ತದೆ. ಹಾಗಾಗಿ ಒಪ್ಪುವ ಮುಂಚೆ ಏನಕ್ಕೆ ಒಪ್ಪುತ್ತಿದ್ದೇನೆ ಎಂದು ತಿಳಿದಿರಬೇಕು. ಈ ಲೇಖನ ಅದಕ್ಕೇ.

ಸಂಕ್ಷಿಪ್ತ ವಿಚಾರಣೆ ಎಂದರೆ

ಕೋರ್ಟಿನವರು ಸಮ್ಮರಿ ಟ್ರಯಲ್ ಅನ್ನುತ್ತಾರೆ. ಸಣ್ಣ ಕೇಸುಗಳಿಗೆ ಉದ್ದದ ವಿಚಾರಣೆ ಬೇಡ, ಬರವಣಿಗೆ ಕಡಿಮೆ ಮಾಡಿ ಬೇಗ ಮುಗಿಸಿ ಎಂದು ಕಾನೂನೇ ಕೊಟ್ಟಿರುವ ಹತ್ತಿರದ ದಾರಿ. ಮೊದಲು ಇದು ಹಳೆಯ ದಂಡ ಪ್ರಕ್ರಿಯಾ ಸಂಹಿತೆಯ, ಅಂದರೆ ಸಿಆರ್‌ಪಿಸಿಯ, 260ರಿಂದ 265ನೇ ಸೆಕ್ಷನ್‌ಗಳಲ್ಲಿ ಇತ್ತು. 2024ರ ಜುಲೈ 1ರಿಂದ ಜಾರಿಯಾದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ, ಅಂದರೆ ಎಲ್ಲರೂ ಬಿಎನ್‌ಎಸ್‌ಎಸ್ ಅನ್ನುವ ಕಾನೂನಿನಲ್ಲಿ, 283ರಿಂದ 288ರವರೆಗೆ ಇದೆ.

ಯಾವ ಕೇಸುಗಳು ಇದರಲ್ಲಿ ಬರುತ್ತವೆ? ಎರಡು ಗುಂಪು ಮಾಡಿಕೊಳ್ಳಿ.

ಮೊದಲನೆಯ ಗುಂಪಿನ ಕೇಸುಗಳನ್ನು ಮ್ಯಾಜಿಸ್ಟ್ರೇಟರು ಸಂಕ್ಷಿಪ್ತವಾಗಿಯೇ ನಡೆಸಬೇಕು. 20,000 ರೂಪಾಯಿ ಮೀರದ ಕಳ್ಳತನ, ಅಷ್ಟೇ ಬೆಲೆಯ ಕದ್ದ ಮಾಲು ಇಟ್ಟುಕೊಂಡದ್ದು, ಶಾಂತಿ ಕೆಡಿಸುವ ಉದ್ದೇಶದಿಂದ ಅವಮಾನ ಮಾಡಿದ್ದು, ಬೆದರಿಕೆ, ಇಂಥವು. ಹಳೆಯ ಕಾನೂನಿನಲ್ಲಿ ಕಳ್ಳತನದ ಮಿತಿ ಬರೀ 2,000 ರೂಪಾಯಿ ಇತ್ತು. ಹಳೆಯ ಕಾನೂನು "ನಡೆಸಬಹುದು" ಅನ್ನುತ್ತಿತ್ತು, ಹೊಸದು "ನಡೆಸಬೇಕು" ಅನ್ನುತ್ತದೆ.

ಎರಡನೆಯ ಗುಂಪು ಮ್ಯಾಜಿಸ್ಟ್ರೇಟರ ವಿವೇಚನೆಗೆ ಬಿಟ್ಟದ್ದು. ಮೂರು ವರ್ಷ ಮೀರದ ಶಿಕ್ಷೆ ಇರುವ ಯಾವ ಅಪರಾಧವನ್ನಾದರೂ ಕಾರಣ ಬರೆದು ಸಂಕ್ಷಿಪ್ತವಾಗಿ ನಡೆಸಬಹುದು. ಮೊದಲು ಇದು ಎರಡು ವರ್ಷ ಇತ್ತು. ಕೈ ಮಿಲಾಯಿಸಿ ಸಣ್ಣ ಗಾಯ ಮಾಡಿದ ಕೇಸುಗಳು ಇದರೊಳಗೆ ಬರಬಹುದು.

ಇವಲ್ಲದೆ, ಸಂಕ್ಷಿಪ್ತವಾಗಿ ನಡೆಸಿ ಎಂದು ತಾವೇ ಹೇಳುವ ಬೇರೆ ಕಾಯ್ದೆಗಳೂ ಇವೆ. ಸಾರ್ವಜನಿಕ ಸ್ಥಳದಲ್ಲಿ ಸಿಗರೇಟು ಸೇದಿದ ಕೇಸು ಹಾಗೆ. ಚೆಕ್ ಬೌನ್ಸ್ ಕೂಡ ಈ ದಾರಿಯಲ್ಲೇ ಶುರುವಾಗುತ್ತದೆ, ಆದರೆ ಅದರ ಲೆಕ್ಕವೇ ಬೇರೆ, ಅಲ್ಲಿ ಸಂಕ್ಷಿಪ್ತ ವಿಚಾರಣೆಯಲ್ಲೇ ಒಂದು ವರ್ಷದವರೆಗೆ ಜೈಲು ಹಾಕಬಹುದು. ದಯವಿಟ್ಟು ಈ ಲೇಖನ ಓದಿ ಚೆಕ್ ಕೇಸಿಗೆ ಹೋಗಬೇಡಿ.

ಒಂದು ಸಮಾಧಾನದ ವಿಷಯ. ನಾವು ಮಾತಾಡುತ್ತಿರುವ ಪೆಟ್ಟಿ ಕೇಸುಗಳಲ್ಲಿ ಸಂಕ್ಷಿಪ್ತ ವಿಚಾರಣೆ ನಡೆದರೆ ಮೂರು ತಿಂಗಳಿಗಿಂತ ಜಾಸ್ತಿ ಜೈಲು ಹಾಕುವ ಹಾಗಿಲ್ಲ. ಆ ಸೆಕ್ಷನ್‌ಗೆ ಪುಸ್ತಕದಲ್ಲಿ ಎರಡು ವರ್ಷ ಎಂದು ಬರೆದಿದ್ದರೂ ಅಷ್ಟೇ. ಗೂಗಲ್‌ನಲ್ಲಿ ಸೆಕ್ಷನ್ ಹುಡುಕಿ "ಎರಡು ವರ್ಷ ಜೈಲಂತೆ" ಎಂದು ರಾತ್ರಿಯೆಲ್ಲ ನಿದ್ದೆ ಬಿಡುವವರು ಇದನ್ನು ಗಮನಿಸಿ.

ಕೈಯಲ್ಲಿ ಏನೇನು ಇರಬೇಕು

ಸಮನ್ಸಿನ ಮೂಲ ಪ್ರತಿ, ಆಧಾರ್ ಅಥವಾ ಬೇರೆ ಗುರುತಿನ ಚೀಟಿ ಮತ್ತು ಅದರ ಎರಡು ಜೆರಾಕ್ಸ್, ಎರಡು ಫೋಟೋ, ಸ್ಟೇಷನ್‌ನಲ್ಲಿ ಕೊಟ್ಟ ನೋಟಿಸ್ ಅಥವಾ ಎಫ್‌ಐಆರ್ ಪ್ರತಿ ಇದ್ದರೆ ಅದು. ಸ್ಟೇಷನ್ ಬೇಲ್ ಆಗಿದ್ದರೆ ಆ ಕಾಗದವೂ ಬೇಕು. ಘಟನೆಗೆ ಸಂಬಂಧಪಟ್ಟ ಫೋಟೋ, ವಿಡಿಯೊ, ವಾಟ್ಸಾಪ್ ಮೆಸೇಜು ಏನಿದ್ದರೂ ಅಳಿಸಬೇಡಿ, ಇನ್ನೊಂದು ಕಡೆ ಕಾಪಿ ಮಾಡಿಡಿ. ಸ್ವಲ್ಪ ದುಡ್ಡು ಇಟ್ಟುಕೊಂಡಿರಿ. ಅರ್ಧ ದಿನ ರಜೆ ಹಾಕಿದರೆ ಸಾಲದು, ಇಡೀ ದಿನ ಹಾಕಿ.

ಹಂತ 1: ಕಾಗದವನ್ನು ಸರಿಯಾಗಿ ಓದಿ

ಬಹಳ ಜನ ಸಮನ್ಸ್ ನೋಡಿದ ತಕ್ಷಣ ಯಾರಿಗೋ ಫೋನ್ ಮಾಡುತ್ತಾರೆಯೇ ಹೊರತು ಅದರಲ್ಲಿ ಏನು ಬರೆದಿದೆ ಎಂದು ಓದುವುದಿಲ್ಲ. ನಾಲ್ಕು ವಿಷಯ ಹುಡುಕಿ. ಕೇಸ್ ನಂಬರ್ (ಸಾಮಾನ್ಯವಾಗಿ ಸಿ.ಸಿ. ನಂಬರ್ ಎಂದು ಇರುತ್ತದೆ), ಯಾವ ಕೋರ್ಟು, ಯಾವ ಸೆಕ್ಷನ್, ಯಾವ ತಾರೀಖು.

ಬೆಂಗಳೂರಿನಲ್ಲಿ ಕೋರ್ಟ್ ಹುಡುಕುವುದೇ ಒಂದು ಕೆಲಸ. ಮ್ಯಾಜಿಸ್ಟ್ರೇಟ್ ಕೋರ್ಟುಗಳು ಅಂದರೆ ಹೆಚ್ಚಿನವರಿಗೆ ನೃಪತುಂಗ ರಸ್ತೆಯ ಸಂಕೀರ್ಣ ನೆನಪಾಗುತ್ತದೆ, ಆದರೆ ಮೇಯೊ ಹಾಲ್‌ನಲ್ಲೂ ಕೋರ್ಟುಗಳಿವೆ. ಕಾವೇರಿ ಭವನದ ಹತ್ತಿರದ ಸಿಟಿ ಸಿವಿಲ್ ಕೋರ್ಟ್ ಬೇರೆ. ನಿಮ್ಮ ಕೇಸು ಯಾವ ಪೊಲೀಸ್ ಠಾಣೆಯದೋ ಅದರ ಮೇಲೆ ಯಾವ ಕೋರ್ಟು ಎಂದು ತೀರ್ಮಾನ ಆಗುತ್ತದೆ, ನಿಮ್ಮ ಮನೆ ಎಲ್ಲಿದೆ ಅನ್ನುವುದರ ಮೇಲೆ ಅಲ್ಲ. ಹೆಸರಿನಲ್ಲೂ ಗೊಂದಲ ಇದೆ. ಹೊಸ ಕಾನೂನಿನಲ್ಲಿ ಮೆಟ್ರೊಪಾಲಿಟನ್ ಮ್ಯಾಜಿಸ್ಟ್ರೇಟ್ ಅನ್ನುವ ಹುದ್ದೆಯೇ ಇಲ್ಲ, ಹಾಗಾಗಿ ಹಳೆಯ ಕಾಗದದಲ್ಲಿ ಎಸಿಎಂಎಂ (ಹೆಚ್ಚುವರಿ ಮುಖ್ಯ ಮೆಟ್ರೊಪಾಲಿಟನ್ ಮ್ಯಾಜಿಸ್ಟ್ರೇಟ್) ಎಂದಿದ್ದದ್ದು ಹೊಸದರಲ್ಲಿ ಎಸಿಜೆಎಂ (ಹೆಚ್ಚುವರಿ ಮುಖ್ಯ ನ್ಯಾಯಿಕ ಮ್ಯಾಜಿಸ್ಟ್ರೇಟ್) ಎಂದು ಕಾಣಬಹುದು. ಕೋರ್ಟ್ ಬದಲಾಯಿತು ಎಂದು ಹೆದರಬೇಡಿ, ಮುಂದಿರುವ ಸಂಖ್ಯೆ ನೋಡಿ.

ಇ-ಕೋರ್ಟ್ಸ್ ಆ್ಯಪ್ ಅಥವಾ ವೆಬ್‌ಸೈಟಿನಲ್ಲಿ ನಿಮ್ಮ ಕೇಸು ಸಿಗುತ್ತದೆ. ಪ್ರತಿ ಕೇಸಿಗೂ 16 ಅಕ್ಷರ-ಅಂಕಿಗಳ ಸಿಎನ್‌ಆರ್ ನಂಬರ್ ಇರುತ್ತದೆ, ಕೇಸಿನ ಆಧಾರ್ ನಂಬರ್ ಇದ್ದ ಹಾಗೆ ಅಂದುಕೊಳ್ಳಿ. ಅದನ್ನು ಬರೆದಿಟ್ಟುಕೊಳ್ಳಿ, ಮುಂದಿನ ತಾರೀಖು ನೋಡಲು ಯಾರ ಹಿಂದೆಯೂ ಅಲೆಯಬೇಕಾಗಿಲ್ಲ.

ಎಚ್ಚರಿಕೆ: ಹೊಸ ಕಾನೂನಿನಲ್ಲಿ ಸಮನ್ಸ್ ಎಲೆಕ್ಟ್ರಾನಿಕ್ ರೂಪದಲ್ಲೂ ಬರಬಹುದು, ಅದರ ಮೇಲೆ ಕೋರ್ಟಿನ ಮೊಹರಿನ ಚಿತ್ರ ಅಥವಾ ಡಿಜಿಟಲ್ ಸಹಿ ಇರಬೇಕು. ಇದನ್ನೇ ನೆಪ ಮಾಡಿಕೊಂಡು ಮೋಸ ಮಾಡುವವರಿದ್ದಾರೆ. ಫೋನಿನಲ್ಲಿ "ನಿಮ್ಮ ಮೇಲೆ ಕೇಸಾಗಿದೆ, ಈಗಲೇ ಈ ನಂಬರಿಗೆ ಫೈನ್ ಹಾಕಿ, ಇಲ್ಲದಿದ್ದರೆ ಅರೆಸ್ಟ್" ಅಂದರೆ ಅದು ಕೋರ್ಟ್ ಅಲ್ಲ. ಮೊದಲು ಇ-ಕೋರ್ಟ್ಸ್‌ನಲ್ಲಿ ಕೇಸ್ ನಂಬರ್ ಹಾಕಿ ನೋಡಿ.

ಇನ್ನೊಂದು: ಸಮನ್ಸನ್ನು ನಿಮ್ಮ ಬದಲು ಜೊತೆಗಿರುವ ಕುಟುಂಬದ ವಯಸ್ಕರು ಯಾರು ತೆಗೆದುಕೊಂಡರೂ ನಡೆಯುತ್ತದೆ. ಮೊದಲು ಗಂಡಸರು ಮಾತ್ರ ಎಂದಿತ್ತು, ಈಗ ಹೆಂಗಸರು ತೆಗೆದುಕೊಂಡರೂ ಸರಿಯೇ. "ನಾನು ಮನೆಯಲ್ಲಿರಲಿಲ್ಲ, ಹೆಂಡತಿ ಸಹಿ ಹಾಕಿದ್ದು" ಅನ್ನುವ ಸಬೂಬು ನಡೆಯುವುದಿಲ್ಲ.

ಹಂತ 2: ತಾರೀಖು ನೋಡಿ, ಕೇಸೇ ತಡವಾಗಿದೆಯಾ ಎಂದು ಲೆಕ್ಕ ಹಾಕಿ

ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ಸಣ್ಣ ಅಪರಾಧಗಳಿಗೆ ಕೋರ್ಟ್ ಕೇಸನ್ನು ಕೈಗೆತ್ತಿಕೊಳ್ಳಲು ಕಾಲಮಿತಿ ಇದೆ. ಬರೀ ದಂಡದ ಅಪರಾಧಕ್ಕೆ ಆರು ತಿಂಗಳು. ಒಂದು ವರ್ಷದವರೆಗೆ ಜೈಲು ಇರುವಂಥದ್ದಕ್ಕೆ ಒಂದು ವರ್ಷ. ಒಂದರಿಂದ ಮೂರು ವರ್ಷದ್ದಕ್ಕೆ ಮೂರು ವರ್ಷ. ರಸ್ತೆಗೆ ಅಡ್ಡಿ ಮಾಡಿದ್ದಕ್ಕೆ ಭಾರತೀಯ ನ್ಯಾಯ ಸಂಹಿತೆಯ (ಅಪರಾಧ, ಶಿಕ್ಷೆಗಳನ್ನು ಹೇಳುವ ಹೊಸ ಕಾನೂನು, ಬಿಎನ್‌ಎಸ್ ಅನ್ನುತ್ತಾರೆ) 285ನೇ ಸೆಕ್ಷನ್‌ನಲ್ಲಿ 5,000 ರೂಪಾಯಿವರೆಗೆ ದಂಡ ಮಾತ್ರ ಇದೆ. ಜಲ್ಲಿ ಸುರಿದು ವರ್ಷ ಆದ ಮೇಲೆ ಎಫ್‌ಐಆರ್ ಆಗಿದ್ದರೆ ಅಥವಾ ಕೋರ್ಟಿಗೆ ದೂರು ಬಂದಿದ್ದರೆ ಅದನ್ನು ಎತ್ತಿ ಹೇಳಲೇಬೇಕು. ತಡವನ್ನು ಮನ್ನಿಸುವ ಅಧಿಕಾರ ಕೋರ್ಟಿಗೆ ಇದೆ, ಆದರೆ ಅದಕ್ಕೆ ಕಾರಣ ಬೇಕು. ನೀವು ಕೇಳದಿದ್ದರೆ ನಿಮ್ಮ ಪರವಾಗಿ ಬೇರೆ ಯಾರೂ ಕೇಳುವುದಿಲ್ಲ.

ಹಾಗೆಯೇ, ಘಟನೆ 2024ರ ಜುಲೈ 1ಕ್ಕೆ ಮುಂಚಿನದಾಗಿದ್ದರೆ ಅಪರಾಧ ಹಳೆಯ ಐಪಿಸಿ, ಅಂದರೆ ಭಾರತೀಯ ದಂಡ ಸಂಹಿತೆಯ ಪ್ರಕಾರವೇ ಇರುತ್ತದೆ. ಹೊಸ ಸೆಕ್ಷನ್ ಹಾಕಿದ್ದರೆ ವಕೀಲರಿಗೆ ತೋರಿಸಿ.

ಹಂತ 3: ಹೋಗಲೇಬೇಕಾ, ಹೋಗದೆ ಮುಗಿಸಬಹುದಾ

5,000 ರೂಪಾಯಿ ಮೀರದ ದಂಡ ಮಾತ್ರ ಇರುವ ಅಪರಾಧಕ್ಕೆ ವಿಶೇಷ ಸಮನ್ಸ್ ಕಳಿಸುವ ಪದ್ಧತಿ ಕಾನೂನಿನಲ್ಲಿದೆ. ಅಂಥ ಸಮನ್ಸಿನಲ್ಲೇ ದಂಡ ಇಷ್ಟು ಎಂದು ಬರೆದಿರುತ್ತದೆ. ಒಪ್ಪುವುದಾದರೆ ಬರಹದಲ್ಲಿ ಒಪ್ಪಿಗೆ ಬರೆದು, ದಂಡದ ಸಮೇತ ಅಂಚೆಯಲ್ಲೋ ಬೇರೆಯವರ ಕೈಯಲ್ಲೋ ತಾರೀಖಿಗೆ ಮುಂಚೆ ತಲುಪಿಸಬಹುದು. ವಕೀಲರಿಗೆ ಬರಹದಲ್ಲಿ ಅಧಿಕಾರ ಕೊಟ್ಟು ಅವರ ಮೂಲಕವೂ ಮಾಡಬಹುದು. ಟ್ರಾಫಿಕ್ ಕೇಸುಗಳಿಗೆ ಮೋಟಾರು ವಾಹನ ಕಾಯ್ದೆಯಲ್ಲೇ ಬೇರೆ ವ್ಯವಸ್ಥೆ ಇದೆ, ಅವು ಇದರಲ್ಲಿ ಬರುವುದಿಲ್ಲ.

ಉಳಿದ ಸಮನ್ಸ್ ಆದರೆ ಹೋಗಲೇಬೇಕು. ಹುಷಾರಿಲ್ಲ, ಊರಲ್ಲಿಲ್ಲ ಅಂದರೆ ಸುಮ್ನೆ ಮನೆಯಲ್ಲಿ ಕೂರಬೇಡಿ, ವಕೀಲರ ಮೂಲಕ ಆ ದಿನಕ್ಕೆ ಹಾಜರಾತಿ ವಿನಾಯಿತಿ ಅರ್ಜಿ ಹಾಕಿಸಿ. ಹೋಗದಿದ್ದರೆ ಮುಂದಿನದು ವಾರಂಟ್. ಜಾಮೀನು ರಹಿತ ವಾರಂಟ್, ಅಂದರೆ ಎಲ್ಲರೂ ಎನ್‌ಬಿಡಬ್ಲ್ಯು ಅನ್ನುವುದು, ಹೊರಟುಬಿಟ್ಟರೆ 1,000 ರೂಪಾಯಿ ದಂಡದ ಕೇಸಿಗೆ ಬೆಳಗಿನ ಜಾವ ಮನೆ ಬಾಗಿಲಿಗೆ ಪೊಲೀಸರು ಬರುತ್ತಾರೆ. ಅದನ್ನು ರದ್ದು ಮಾಡಿಸಲು ಆಗುವ ಖರ್ಚು ಮತ್ತು ಅಲೆದಾಟ ಮೂಲ ದಂಡಕ್ಕಿಂತ ಎಷ್ಟೋ ಜಾಸ್ತಿ. ಪೆಟ್ಟಿ ಕೇಸಿನಲ್ಲಿ ಜನ ತಾವಾಗಿಯೇ ಮಾಡಿಕೊಳ್ಳುವ ಅತಿ ದೊಡ್ಡ ಹಾನಿ ಇದೇ.

ಹಂತ 4: ಕೋರ್ಟಿನ ಮೊದಲ ದಿನ

ಬೆಳಗ್ಗೆ ಹತ್ತೂವರೆಗೆಲ್ಲ ಹಾಲ್ ಹತ್ತಿರ ಇರಿ. ಬಾಗಿಲ ಪಕ್ಕದ ಗೋಡೆಗೆ ಆ ದಿನದ ಪಟ್ಟಿ ಅಂಟಿಸಿರುತ್ತಾರೆ, ಕಾಸ್ ಲಿಸ್ಟ್ ಅನ್ನುತ್ತಾರೆ. ಅದರಲ್ಲಿ ನಿಮ್ಮ ಕ್ರಮ ಸಂಖ್ಯೆ ನೋಡಿಕೊಳ್ಳಿ. ಮೊಬೈಲ್ ಸೈಲೆಂಟ್ ಮಾಡಿ. ಹೆಸರು ಕೂಗುವಾಗ ಹೊರಗೆ ಟೀ ಕುಡಿಯುತ್ತಿದ್ದರೆ "ಆರೋಪಿ ಗೈರು" ಎಂದು ಬರೆದುಬಿಡುತ್ತಾರೆ. ಹಾಗೇನಾದರೂ ಆದರೆ ಮನೆಗೆ ಹೋಗಬೇಡಿ. ಅಲ್ಲೇ ಕಾದು, ಕಲಾಪ ಏಳುವ ಮುಂಚೆ ಬೆಂಚ್ ಕ್ಲರ್ಕ್‌ಗೆ ಹೇಳಿ ಮತ್ತೆ ಕರೆಸಿಕೊಳ್ಳಿ.

ವಕೀಲರು ಬೇಕೇ ಬೇಕಾ? ಕಡ್ಡಾಯ ಇಲ್ಲ. ಆದರೆ ಒಪ್ಪುವುದಿಲ್ಲ ಅನ್ನುವುದಾದರೆ ಬೇಕು, ಕಳ್ಳತನದ ಆರೋಪವಾದರೆ ಖಂಡಿತ ಬೇಕು. ದುಡ್ಡಿಲ್ಲ ಎಂದು ಹಿಂದೆ ಸರಿಯಬೇಡಿ. ಮಹಿಳೆಯರು, ಪರಿಶಿಷ್ಟ ಜಾತಿ ಮತ್ತು ಪಂಗಡದವರು, ಅಂಗವಿಕಲರು, ಬಂಧನದಲ್ಲಿರುವವರು, ಇವರಿಗೆ ಆದಾಯ ಎಷ್ಟೇ ಇದ್ದರೂ ಉಚಿತ ಕಾನೂನು ನೆರವು ಸಿಗುತ್ತದೆ, ಬೇರೆಯವರಿಗೆ ಆದಾಯದ ಮಿತಿ ಇದೆ. 15100ಕ್ಕೆ ಫೋನ್ ಮಾಡಿ, ಅಥವಾ ಹೆಚ್. ಸಿದ್ದಯ್ಯ ರಸ್ತೆಯ ನ್ಯಾಯದೇಗುಲದಲ್ಲಿರುವ ರಾಜ್ಯ ಕಾನೂನು ಸೇವೆಗಳ ಪ್ರಾಧಿಕಾರದಲ್ಲಿ ವಿಚಾರಿಸಿ.

ಕೋರ್ಟ್ ಗೇಟಿನ ಹತ್ತಿರ "ಪೆಟ್ಟಿ ಕೇಸಾ? ಕೊಡಿ ಇಲ್ಲಿ, ಐದು ನಿಮಿಷದಲ್ಲಿ ಮುಗಿಸಿಕೊಡ್ತೀನಿ" ಎಂದು ಹತ್ತಿರ ಬರುವವರಿಗೆ ಕಾಗದ ಕೊಡಬೇಡಿ. ಐದು ನಿಮಿಷದಲ್ಲಿ ಮುಗಿಯುವುದು ಒಂದೇ ರೀತಿಯಲ್ಲಿ, ನಿಮ್ಮ ಬಾಯಲ್ಲಿ ತಪ್ಪು ಒಪ್ಪಿಸಿ.

ಪೊಲೀಸರು ಹಾಕಿದ ಕೇಸಾದರೆ ಅವರ ವರದಿ, ಸಾಕ್ಷಿಗಳ ಹೇಳಿಕೆ ಮುಂತಾದ ಕಾಗದಗಳ ಪ್ರತಿ ನಿಮಗೆ ಉಚಿತವಾಗಿ ಸಿಗಬೇಕು. ನೀವು ಹಾಜರಾದ 14 ದಿನದೊಳಗೆ ಕೊಡಬೇಕು ಎಂದು ಹೊಸ ಕಾನೂನು ಹೇಳುತ್ತದೆ. ಅದನ್ನು ಓದದೆ ಯಾವ ಪ್ರಶ್ನೆಗೂ ಉತ್ತರ ಕೊಡಬೇಕಾಗಿಲ್ಲ. "ಸ್ವಾಮಿ, ನನಗೆ ಕೇಸಿನ ಪ್ರತಿ ಬೇಕು, ಓದಿ ಉತ್ತರ ಹೇಳುತ್ತೇನೆ" ಎಂದು ಕೇಳುವುದು ಉದ್ಧಟತನ ಅಲ್ಲ.

ಎರಡನೆಯ ಗುಂಪಿನ ಕೇಸಾದರೆ, ಅದನ್ನು ಸಂಕ್ಷಿಪ್ತವಾಗಿ ನಡೆಸುವ ಮುಂಚೆ ನಿಮ್ಮ ಮಾತು ಕೇಳಬೇಕು. ಇದು ಹೊಸದಾಗಿ ಸೇರಿದ್ದು. ಆ ತೀರ್ಮಾನದ ಮೇಲೆ ಅಪೀಲು ಇಲ್ಲದ ಕಾರಣ ಹೇಳುವುದನ್ನು ಆಗಲೇ ಹೇಳಬೇಕು. ಸಾಕ್ಷಿಗಳು ಜಾಸ್ತಿ ಇದ್ದಾರೆ, ವೈದ್ಯರ ಸರ್ಟಿಫಿಕೇಟ್ ಬಗ್ಗೆ ತಕರಾರಿದೆ, ಪ್ರತಿ ಮಾತೂ ಪೂರ್ತಿ ದಾಖಲಾಗಬೇಕು ಅನ್ನಿಸಿದರೆ ಪೂರ್ಣ ವಿಚಾರಣೆ ಕೇಳಿ. ಆದರೆ ಒಂದು ನೆನಪಿರಲಿ, ಪೂರ್ಣ ವಿಚಾರಣೆಗೆ ಹೋದರೆ ಆ ಮೂರು ತಿಂಗಳ ಮಿತಿ ಇರುವುದಿಲ್ಲ.

ಹಂತ 5: "ತಪ್ಪು ಒಪ್ಪಿಕೊಳ್ಳುತ್ತೀರಾ?"

ಈಗ ಮುಖ್ಯ ಭಾಗಕ್ಕೆ ಬಂದೆವು. ಇಲ್ಲಿ ನಿಧಾನವಾಗಿ ಓದಿ.

ಸಂಕ್ಷಿಪ್ತ ವಿಚಾರಣೆಯಲ್ಲಿ ದೊಡ್ಡ ಕೇಸುಗಳ ಹಾಗೆ ದೋಷಾರೋಪವನ್ನು ವಿಧಿವತ್ತಾಗಿ ಬರೆಯುವುದಿಲ್ಲ. ಆಪಾದನೆಯ ಸಾರಾಂಶ ಹೇಳುತ್ತಾರೆ ಅಷ್ಟೇ. ಹಾಲ್ ತುಂಬ ಜನ. ಕರಿ ಕೋಟುಗಳ ಮಧ್ಯೆ ನುಗ್ಗಿ ನೀವು ಮುಂದೆ ಹೋಗಿ ನಿಲ್ಲುತ್ತೀರಿ, ಫ್ಯಾನಿನ ಸದ್ದು, ಪಕ್ಕದಲ್ಲಿ ಯಾರೋ ಇನ್ನೊಂದು ಕೇಸಿನ ಫೈಲು ತಿರುವುತ್ತಿರುತ್ತಾರೆ. "ಇಂಥ ದಿನ, ಇಂಥ ಜಾಗದಲ್ಲಿ, ಫಿರ್ಯಾದಿಗೆ ಅವಾಚ್ಯ ಶಬ್ದಗಳಿಂದ ಬೈದು ಬೆದರಿಕೆ ಹಾಕಿದ್ದೀರಿ ಎಂದು ಆಪಾದನೆ ಇದೆ, ಒಪ್ಪುತ್ತೀರಾ?" ಹಿಂದಿನಿಂದ ಯಾರೋ ಮೆಲ್ಲಗೆ "ಹೂಂ ಅನ್ನಿ, ಹೂಂ ಅನ್ನಿ, ಫೈನ್ ಹಾಕಿ ಬಿಡ್ತಾರೆ" ಅನ್ನುತ್ತಾರೆ. ನೀವು ತಲೆ ಅಲ್ಲಾಡಿಸುತ್ತೀರಿ. ಅಲ್ಲಿಗೆ ಮುಗಿಯಿತು.

ತಲೆ ಅಲ್ಲಾಡಿಸಬೇಡಿ. ಆಪಾದನೆ ಇಂಗ್ಲಿಷಿನಲ್ಲಿ ಓದಿದರೆ "ಕನ್ನಡದಲ್ಲಿ ಹೇಳಿ ಸ್ವಾಮಿ" ಎಂದು ಕೇಳಿ. ಅರ್ಥ ಆಗದಿದ್ದರೆ ಇನ್ನೊಮ್ಮೆ ಕೇಳಿ. ಒಪ್ಪಿಗೆಯನ್ನು ಆದಷ್ಟೂ ಆರೋಪಿಯ ಮಾತಿನಲ್ಲೇ ಬರೆಯಬೇಕು ಎಂದು ಕಾನೂನು ಹೇಳುತ್ತದೆ. "ಜಗಳ ಆಗಿದ್ದು ನಿಜ, ಆದರೆ ನಾನು ಬೆದರಿಕೆ ಹಾಕಿಲ್ಲ" ಅನ್ನುವುದು ತಪ್ಪೊಪ್ಪಿಗೆ ಅಲ್ಲ. ಇದ್ದದ್ದನ್ನು ಹಾಗೇ ಹೇಳಿ. ಆಪಾದನೆಯಲ್ಲಿ ಹುರುಳೇ ಇಲ್ಲ ಎಂದು ಕಂಡರೆ ಈ ಹಂತದಲ್ಲೇ ಕಾರಣ ಬರೆದು ನಿಮ್ಮನ್ನು ಬಿಡುಗಡೆ ಮಾಡುವ ಅಧಿಕಾರವೂ ಮ್ಯಾಜಿಸ್ಟ್ರೇಟರಿಗೆ ಇದೆ.

ಒಪ್ಪಬೇಕಾ ಬೇಡವಾ? ನನ್ನ ಅಭಿಪ್ರಾಯ ಹೇಳುತ್ತೇನೆ.

ತಪ್ಪು ನಿಜವಾಗಿ ಮಾಡಿದ್ದೀರಿ, ಅಪರಾಧ ರಸ್ತೆಗೆ ಅಡ್ಡಿ, ಗೋಡೆಗೆ ಪೋಸ್ಟರ್, ಸಿಗರೇಟು ಅಂಥದ್ದು. ಒಪ್ಪಿ ದಂಡ ಕಟ್ಟುವುದರಲ್ಲಿ ನನಗೆ ತಪ್ಪೇನೂ ಕಾಣುವುದಿಲ್ಲ. ತಪ್ಪು ಮಾಡಿ ಒಪ್ಪುವುದು ಮರ್ಯಾದೆಯ ಕೆಲಸವೇ.

ಆದರೆ ಕಳ್ಳತನ, ಮೋಸ ಇಂಥ ಹೆಸರಿನ ಆರೋಪ ಆದರೆ 500 ರೂಪಾಯಿ ದಂಡಕ್ಕೂ ಒಪ್ಪಬೇಡಿ, ನೀವು ಮಾಡಿಲ್ಲ ಎಂದಾದರೆ. ದಂಡ ಎಷ್ಟು ಎಂದು ಮುಂದೆ ಯಾರೂ ಕೇಳುವುದಿಲ್ಲ, ಸೆಕ್ಷನ್ ಯಾವುದು ಎಂದು ಕೇಳುತ್ತಾರೆ. ವಯಸ್ಸಿನ್ನೂ ಇಪ್ಪತ್ತೋ ಇಪ್ಪತ್ತೆರಡೋ, ಸರ್ಕಾರಿ ಕೆಲಸಕ್ಕೆ ಓದುತ್ತಿರುವ ಹುಡುಗರು "ಅಪ್ಪನಿಗೆ ಗೊತ್ತಾಗುವ ಮುಂಚೆ ಮುಗಿಸೋಣ" ಎಂದು ಒಪ್ಪಿಬಿಡುವುದನ್ನು ನೆನೆದರೆ ಹೊಟ್ಟೆ ಉರಿಯುತ್ತದೆ. ಅಪ್ಪನಿಗೆ ಹೇಳಿ ಮಗು. ಬೈಗುಳ ಒಂದು ದಿನದ್ದು.

ತಪ್ಪೊಪ್ಪಿಗೆಯ ಮೇಲೆ ಶಿಕ್ಷೆ ಆದರೆ ಅಪೀಲಿನ ಬಾಗಿಲು ಬಹುತೇಕ ಮುಚ್ಚುತ್ತದೆ. ಶಿಕ್ಷೆ ಜಾಸ್ತಿಯಾಯಿತು, ಕಾನೂನಿನ ಪ್ರಕಾರ ಇಲ್ಲ ಎಂದು ಮಾತ್ರ ಹೋಗಬಹುದು. "ಅರ್ಥ ಆಗದೆ ಒಪ್ಪಿದೆ" ಅನ್ನುವುದನ್ನು ಆಮೇಲೆ ಸಾಬೀತು ಮಾಡುವುದು ಬಹಳ ಕಷ್ಟ.

ಮೂರನೆಯ ದಾರಿಯೂ ಇದೆ, ರಾಜಿ. ಪಕ್ಕದ ಮನೆ ಜಗಳ, ಸಣ್ಣ ಹೊಡೆದಾಟ, ಅವಮಾನ, ಇಂಥವುಗಳಲ್ಲಿ ನೊಂದವರು ಒಪ್ಪಿದರೆ ರಾಜಿ ಮಾಡಿಕೊಳ್ಳಲು ಕಾನೂನಿನಲ್ಲಿ ಅವಕಾಶ ಇದೆ. ರಾಜಿಯಾದರೆ ಅದು ಖುಲಾಸೆಗೆ ಸಮ, ಅಂದರೆ ನಿಮ್ಮ ಮೇಲೆ ಶಿಕ್ಷೆಯ ದಾಖಲೆ ಇರುವುದಿಲ್ಲ. ತಪ್ಪೊಪ್ಪಿಗೆಗೂ ರಾಜಿಗೂ ಆಕಾಶ ಭೂಮಿಯಷ್ಟು ಅಂತರ. ಲೋಕ ಅದಾಲತ್ ದಿನ ಕರೆದು ಕಾಗದಕ್ಕೆ ಸಹಿ ಹಾಕಿಸಿದರೆ "ಇದು ರಾಜಿಯಾ, ತಪ್ಪೊಪ್ಪಿಗೆಯಾ?" ಎಂದು ಕೇಳಿಯೇ ಪೆನ್ನು ಹಿಡಿಯಿರಿ. ವರ್ಷಗಟ್ಟಲೆ ಮುಖ ನೋಡಬೇಕಾದ ನೆರೆಹೊರೆಯವರ ನಡುವೆ ರಾಜಿಗಿಂತ ಒಳ್ಳೆಯದು ಇಲ್ಲ ಎಂದೇ ನನ್ನ ನಂಬಿಕೆ.

ಹಂತ 6: ಒಪ್ಪುವುದಿಲ್ಲ ಅಂದರೆ ಮುಂದೇನು

ಹೆದರಬೇಡಿ, ಒಪ್ಪಲಿಲ್ಲ ಎಂದು ಜೈಲಿಗೆ ಹಾಕುವುದಿಲ್ಲ. ಪೆಟ್ಟಿ ಕೇಸುಗಳಲ್ಲಿ ಹೆಚ್ಚಿನವು ಜಾಮೀನು ಸಿಗುವ ಅಪರಾಧಗಳೇ, ಜಾಮೀನು ಅಲ್ಲಿ ನಿಮ್ಮ ಹಕ್ಕು. ಮುಚ್ಚಳಿಕೆ ಬರೆಸಿಕೊಂಡು, ಕೆಲವೊಮ್ಮೆ ಶ್ಯೂರಿಟಿ ಕೇಳಿ, ಮುಂದಿನ ಡೇಟ್ ಕೊಡುತ್ತಾರೆ.

ಆಮೇಲೆ ಸಾಕ್ಷಿಗಳು ಬರುತ್ತಾರೆ. ಸಂಕ್ಷಿಪ್ತ ಎಂದರೂ ಅವರನ್ನು ಪಾಟಿ ಸವಾಲು ಮಾಡುವ ನಿಮ್ಮ ಹಕ್ಕು ಎಲ್ಲೂ ಹೋಗುವುದಿಲ್ಲ. ಪಾಟಿ ಸವಾಲು ಅಂದರೆ ಎದುರಿನ ಸಾಕ್ಷಿಗೆ ನಿಮ್ಮ ಕಡೆಯಿಂದ ಪ್ರಶ್ನೆ ಕೇಳುವುದು. ಪ್ರತಿ ಮಾತನ್ನೂ ಬರೆದುಕೊಳ್ಳುವುದಿಲ್ಲ, ಸಾಕ್ಷ್ಯದ ತಿರುಳನ್ನು ಮಾತ್ರ ಬರೆಯುತ್ತಾರೆ. ಇದೇ ಇಲ್ಲಿನ ಅಪಾಯ. ನಿಮಗೆ ಬೇಕಾದ ಒಂದು ಮಾತು, ಉದಾಹರಣೆಗೆ "ನಾನು ದೂರದಲ್ಲಿದ್ದೆ, ಯಾರು ಬೈದರು ಎಂದು ಕಾಣಲಿಲ್ಲ" ಎಂದು ಸಾಕ್ಷಿ ಹೇಳಿದರೆ, ಅದು ದಾಖಲಾಯಿತಾ ಎಂದು ಅಲ್ಲೇ, ಆಗಲೇ ನೋಡಿಕೊಳ್ಳಬೇಕು. ದಾಖಲೆ ಚಿಕ್ಕದಾದಷ್ಟೂ ಅಪೀಲಿನಲ್ಲಿ ತೋರಿಸಲು ಕಡಿಮೆ ಇರುತ್ತದೆ.

ಸಾಕ್ಷಿಗಳು ಮುಗಿದ ಮೇಲೆ ನಿಮ್ಮನ್ನೇ ಕರೆದು, ಇವರು ಹೀಗೆ ಹೇಳಿದ್ದಾರೆ, ಏನು ಹೇಳುತ್ತೀರಿ ಎಂದು ಕೇಳುತ್ತಾರೆ. ಇದಕ್ಕೆ ಪ್ರಮಾಣ ಮಾಡಿಸುವುದಿಲ್ಲ. ಎಲ್ಲದಕ್ಕೂ "ಸುಳ್ಳು, ಸುಳ್ಳು" ಎಂದು ಮುಗಿಸುವವರೇ ಹೆಚ್ಚು. ನಿಮ್ಮ ವಿವರಣೆ ಇದ್ದರೆ ಇಲ್ಲಿ ಹೇಳಿ. ನಿಮ್ಮ ಕಡೆ ಸಾಕ್ಷಿ ಇದ್ದರೆ ಅವರನ್ನೂ ಕರೆಸಬಹುದು.

ಒಂದು ಸೂಕ್ಷ್ಮ ಇದೆ. ನಡುವೆ ಮ್ಯಾಜಿಸ್ಟ್ರೇಟರಿಗೆ ವರ್ಗಾವಣೆ ಆದರೆ, ಬೇರೆ ವಿಚಾರಣೆಗಳಲ್ಲಿ ಹೊಸಬರು ಹಳೆಯ ಸಾಕ್ಷ್ಯದ ಮೇಲೇ ಮುಂದುವರಿಯಬಹುದು. ಸಂಕ್ಷಿಪ್ತ ವಿಚಾರಣೆಯಲ್ಲಿ ಹಾಗಿಲ್ಲ. ಒಬ್ಬರು ಕೇಳಿದ್ದನ್ನು ಇನ್ನೊಬ್ಬರು ಓದಿ ತೀರ್ಪು ಕೊಡುವಂತಿಲ್ಲ, ಮತ್ತೆ ಮೊದಲಿನಿಂದ ಸಾಕ್ಷಿ ಕೇಳಬೇಕು. ಸುಪ್ರೀಂ ಕೋರ್ಟ್ 2011ರಲ್ಲೇ ಇದನ್ನು ಸ್ಪಷ್ಟವಾಗಿ ಹೇಳಿದೆ. ಹಾಗಾಗಿ ಯಾರ ಮುಂದೆ ಯಾವ ಸಾಕ್ಷಿ ಆಯಿತು ಎಂದು ಒಂದು ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಿ.

ಪೊಲೀಸರಲ್ಲದೆ ಖಾಸಗಿಯವರೇ ನೇರ ಕೋರ್ಟಿಗೆ ಹಾಕಿದ ದೂರಾದರೆ ಮತ್ತು ದೂರು ಕೊಟ್ಟವರೇ ಬರದಿದ್ದರೆ, ಅವರಿಗೆ 30 ದಿನ ಸಮಯ ಕೊಟ್ಟು, ಆಗಲೂ ಬರದಿದ್ದರೆ ನಿಮ್ಮನ್ನು ಖುಲಾಸೆ ಮಾಡುತ್ತಾರೆ. ಅಂಥ ದಿನ ನೀವು ಮಾತ್ರ ತಪ್ಪದೆ ಹಾಜರಿರಬೇಕು.

ಹಂತ 7: ತೀರ್ಪು ಮತ್ತು ಶಿಕ್ಷೆ

ತೀರ್ಪು ಪುಟಗಟ್ಟಲೆ ಇರುವುದಿಲ್ಲ. ಕ್ರಮ ಸಂಖ್ಯೆ, ಘಟನೆಯ ತಾರೀಖು, ದೂರುದಾರರ ಹೆಸರು, ನಿಮ್ಮ ಹೆಸರು, ತಂದೆ ತಾಯಿ, ವಿಳಾಸ, ಅಪರಾಧ, ನೀವು ಹೇಳಿದ್ದು, ನಿರ್ಣಯ, ಶಿಕ್ಷೆ, ಹೀಗೆ ಒಂದು ನಮೂನೆ ಇದೆ. ನೀವು ಒಪ್ಪದೆ ವಿಚಾರಣೆ ನಡೆದಿದ್ದರೆ ಜೊತೆಗೆ ಚಿಕ್ಕದಾಗಿ ಕಾರಣಗಳೂ ಇರಬೇಕು.

ತಪ್ಪಿತಸ್ಥ ಎಂದಾದರೂ ಕೇಳಿಕೊಳ್ಳಲು ಇನ್ನೂ ಜಾಗ ಇದೆ. ಮೊದಲ ಸಲ ತಪ್ಪು ಮಾಡಿದವರಿಗೆ 1958ರ ಅಪರಾಧಿಗಳ ಪರಿವೀಕ್ಷಣಾ ಕಾಯ್ದೆ ಇದೆ, ಕೋರ್ಟಿನಲ್ಲಿ ಪ್ರೊಬೇಷನ್ ಆಕ್ಟ್ ಅಂದರೆ ಗೊತ್ತಾಗುತ್ತದೆ. ಎಚ್ಚರಿಕೆ ಕೊಟ್ಟು ಬಿಡಬಹುದು, ಇಲ್ಲವೇ ಒಳ್ಳೆಯ ನಡತೆಯ ಮುಚ್ಚಳಿಕೆ ಬರೆಸಿಕೊಂಡು ಬಿಡಬಹುದು. ಇದರಲ್ಲಿ ದೊಡ್ಡ ಲಾಭ ಏನು ಅಂದರೆ, ಹಾಗೆ ಬಿಡುಗಡೆ ಆದವರಿಗೆ ಶಿಕ್ಷೆಯಿಂದ ಬರುವ ಅನರ್ಹತೆ ಅಂಟುವುದಿಲ್ಲ ಎಂದು ಅದೇ ಕಾಯ್ದೆಯ 12ನೇ ಸೆಕ್ಷನ್ ಹೇಳುತ್ತದೆ. ದಂಡ ಕಟ್ಟುವುದು ಸುಲಭ ಎಂದು ಎಲ್ಲರೂ ದಂಡ ಕಟ್ಟಿ ಹೊರಡುತ್ತಾರೆ, ಇದನ್ನು ಕೇಳುವವರೇ ಕಡಿಮೆ. ಕೇಳಿ. ಬೇಡ ಅಂದರೆ ದಂಡ ಇದ್ದೇ ಇದೆ.

ಹೊಸ ಕಾನೂನಿನಲ್ಲಿ ಸಮುದಾಯ ಸೇವೆ ಅನ್ನುವ ಶಿಕ್ಷೆಯೂ ಬಂದಿದೆ, ಸಂಬಳ ಇಲ್ಲದೆ ಊರಿಗೆ ಉಪಯೋಗ ಆಗುವ ಕೆಲಸ ಮಾಡುವುದು. ಕುಡಿದು ಸಾರ್ವಜನಿಕ ಜಾಗದಲ್ಲಿ ಅನುಚಿತವಾಗಿ ನಡೆದುಕೊಂಡರೆ 24 ಗಂಟೆಯವರೆಗೆ ಸಾದಾ ಸಜೆ, 1,000 ರೂಪಾಯಿವರೆಗೆ ದಂಡ ಅಥವಾ ಎರಡೂ, ಇಲ್ಲವೇ ಸಮುದಾಯ ಸೇವೆ. 5,000ಕ್ಕಿಂತ ಕಡಿಮೆ ಬೆಲೆಯ ಕಳ್ಳತನ, ಮೊದಲ ಸಲ, ಮಾಲು ಅಥವಾ ಅದರ ಬೆಲೆ ವಾಪಸ್ ಕೊಟ್ಟರೆ, ಅದಕ್ಕೂ ಸಮುದಾಯ ಸೇವೆಯೇ ಶಿಕ್ಷೆ.

ದಂಡ ಕೂಡಲೇ ಕಟ್ಟಲು ಆಗದಿದ್ದರೆ ಬಾಯಿ ಬಿಟ್ಟು ಹೇಳಿ. 30 ದಿನದೊಳಗೆ ಕಟ್ಟಲು ಅಥವಾ ಎರಡು ಮೂರು ಕಂತು ಮಾಡಿಕೊಡಲು ಕೋರ್ಟಿಗೆ ಅಧಿಕಾರ ಇದೆ. ಸುಮ್ಮನಿದ್ದರೆ ದಂಡದ ಬದಲು ಸಜೆ ಆಗುತ್ತದೆ. ಬರೀ ದಂಡದ ಅಪರಾಧದಲ್ಲಿ 5,000 ಒಳಗಿನ ದಂಡ ಕಟ್ಟದಿದ್ದರೂ ಎರಡು ತಿಂಗಳವರೆಗೆ ಸಾದಾ ಸಜೆ ಹಾಕಬಹುದು. ದುಡ್ಡು ಕಟ್ಟಿದ ಮೇಲೆ ರಸೀದಿ ಇಲ್ಲದೆ ಅಲ್ಲಿಂದ ಕದಲಬೇಡಿ.

ಹಂತ 8: ಅಪೀಲು

ಒಪ್ಪದೆ ವಿಚಾರಣೆ ನಡೆದು ಶಿಕ್ಷೆ ಆಗಿದ್ದರೆ 30 ದಿನದೊಳಗೆ ಸೆಷನ್ಸ್ ಕೋರ್ಟಿಗೆ ಹೋಗಬಹುದು. ಸಂಕ್ಷಿಪ್ತ ವಿಚಾರಣೆಯಲ್ಲಿ 200 ರೂಪಾಯಿ ಮೀರದ ದಂಡ ಮಾತ್ರ ಹಾಕಿದ್ದರೆ ಅಪೀಲು ಇಲ್ಲ.

ಹಂತ 9: ಆಮೇಲಿನ ಕಾಗದ ಪತ್ರ

ಪಾಸ್‌ಪೋರ್ಟ್ ಬಗ್ಗೆ ಎಲ್ಲರಿಗೂ ಭಯ. ಸಣ್ಣ ದಂಡದ ಶಿಕ್ಷೆಯಿಂದ ಪಾಸ್‌ಪೋರ್ಟ್ ನಿಲ್ಲುವುದಿಲ್ಲ. ಪಾಸ್‌ಪೋರ್ಟ್ ಕಾಯ್ದೆ ಹೇಳುವುದು, ಹಿಂದಿನ ಐದು ವರ್ಷದಲ್ಲಿ ನೈತಿಕ ಅಧಃಪತನದ ಅಪರಾಧಕ್ಕೆ ಎರಡು ವರ್ಷಕ್ಕೆ ಕಡಿಮೆ ಇಲ್ಲದ ಜೈಲು ಆಗಿದ್ದರೆ ಎಂದು. ಅಡ್ಡಿ ಬರುವುದು ಕೇಸು ಇನ್ನೂ ನಡೆಯುತ್ತಿದ್ದರೆ, ಆಗ ಕೋರ್ಟಿನ ಅನುಮತಿ ತರಬೇಕಾಗುತ್ತದೆ. ಹೋಗದೆ ಬಿಟ್ಟು ವರ್ಷಗಟ್ಟಲೆ ಎಳೆದ ಪೆಟ್ಟಿ ಕೇಸು ನಿಮ್ಮನ್ನು ಕಾಡುವುದು ಹೀಗೆ.

ಕೆಲಸದ ಅರ್ಜಿಯಲ್ಲಿ "ನಿಮ್ಮ ಮೇಲೆ ಕೇಸು ಇತ್ತಾ, ಶಿಕ್ಷೆ ಆಗಿದೆಯಾ" ಎಂದಿದ್ದರೆ ನಿಜ ಬರೆಯಿರಿ. ಮುಚ್ಚಿಡಬೇಡಿ. ಮಾಹಿತಿ ಸತ್ಯವಾಗಿರಬೇಕು ಎಂದೂ, ತೀರಾ ಸಣ್ಣ ಅಪರಾಧವಾದರೆ ಮುಚ್ಚಿಟ್ಟದ್ದನ್ನೂ ನೇಮಕ ಮಾಡುವವರು ತಮ್ಮ ವಿವೇಚನೆಯಿಂದ ಕಡೆಗಣಿಸಬಹುದು ಎಂದೂ ಸುಪ್ರೀಂ ಕೋರ್ಟ್ 2016ರ ಅವತಾರ್ ಸಿಂಗ್ ತೀರ್ಪಿನಲ್ಲಿ ಹೇಳಿದೆ. ಆದರೆ ಅದು ಅವರ ವಿವೇಚನೆ, ನಿಮ್ಮ ಹಕ್ಕಲ್ಲ. ಪೊಲೀಸ್ ವೆರಿಫಿಕೇಷನ್‌ನಲ್ಲಿ ಹೇಗಿದ್ದರೂ ಸಿಗುವ ವಿಷಯವನ್ನು ನೀವೇ ಮೊದಲು ಹೇಳಿದ್ದರೆ ಒಳ್ಳೆಯದು.

ಅದಕ್ಕೆ ದಾಖಲೆ ಬೇಕಲ್ವಾ? ಕೇಸು ಮುಗಿದ ವಾರದಲ್ಲೇ ಕೋರ್ಟಿನ ನಕಲು ವಿಭಾಗದಲ್ಲಿ (ಕಾಪಿಯಿಂಗ್ ಸೆಕ್ಷನ್) ಅರ್ಜಿ ಹಾಕಿ ತೀರ್ಪಿನ ದೃಢೀಕೃತ ಪ್ರತಿ ತೆಗೆದುಕೊಳ್ಳಿ, ಖುಲಾಸೆ ಆಗಿದ್ದರೂ ತೆಗೆದುಕೊಳ್ಳಿ. ಹತ್ತು ವರ್ಷ ಬಿಟ್ಟು ಹಳೆಯ ಫೈಲು ಹುಡುಕಿಸುವುದು ಎಷ್ಟು ಕಷ್ಟ ಎಂದು ಅಲೆದವರಿಗೇ ಗೊತ್ತು. ಮೂರು ಜೆರಾಕ್ಸ್ ಮಾಡಿಸಿ, ಫೋನಿನಲ್ಲಿ ಸ್ಕ್ಯಾನ್ ಮಾಡಿ, ದಂಡದ ರಸೀದಿಯ ಜೊತೆ ಮನೆ ಪತ್ರ ಇಡುವ ಫೈಲಿನಲ್ಲೇ ಇಡಿ.